ಅಲೆ ಹಾಗೇ ಇದೆ, ಗದ್ದೆ ಎಲ್ಲಿ?

ಮೂಲ್ಕಿ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಸರ್ಫಿಂಗ್‌ಗೆ, ಅಂದರೆ ಹಲಗೆ ಮೇಲೆ ನಿಂತು ಅಲೆ ಏರುವ ಆಟಕ್ಕೆ, ಹೆಸರಾದ ಚಾಂಗು ಊರಿನ ಬಗ್ಗೆ ಓದಿದೆ. 2016ರಲ್ಲಿ ನಮ್ಮ ಸಸಿಹಿತ್ಲುವಿನಲ್ಲೂ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದಿತ್ತು. ನಮ್ಮೂರೂ ಚಾಂಗು ಥರ ಬೆಳೆಯಲಿ ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ನೀವೇನಂತೀರಿ? ಇನ್ನೊಂದು ವಿಷಯ. ಬೆಂಗಳೂರಲ್ಲಿರುವ ಮಗಳು ಸರ್ಫಿಂಗ್ ಕಲಿಯೋಕೆ ಬಾಲಿಗೇ ಹೋಗ್ತೀನಿ ಅಂತಿದ್ದಾಳೆ. ಯಾವಾಗ ಹೋದರೆ ಒಳ್ಳೇದು?"

ನಮಸ್ಕಾರ. ಬೇಡವೇ ಬೇಡ ಅನ್ನೋದು ನಮಗೆ ಸುಲಭ. ಚಾಂಗುವಿನ ಬಾತು ಬೊಲೊಂಗ್ ಬೀಚಿನ ಕಡಲಲ್ಲಿ ಹೊಸಬರ ಹಲಗೆಯನ್ನು ಹಿಂದಿನಿಂದ ತಳ್ಳಿ, ಏಳಿ ಏಳಿ ಅಂತ ಕೂಗುವ ಹುಡುಗರಿಗೆ ಅದೇ ಸಂಬಳದ ಕೆಲಸ. ಅವರ ಅಪ್ಪಂದಿರ ಕಾಲದಲ್ಲಿ ಆ ಕೆಲಸವೇ ಇರಲಿಲ್ಲ.

ಅಲೆಗಂತೂ ಏನೂ ಆಗಿಲ್ಲ. ಮರಳು ಕಪ್ಪಾಗಿರುವುದು ಕೊಳೆಯಿಂದಲ್ಲ, ಅದು ಜ್ವಾಲಾಮುಖಿಯ ಮರಳು. ಮಧ್ಯಾಹ್ನ ಬರಿಗಾಲಲ್ಲಿ ನಿಂತರೆ ಚುರ್ ಅನ್ನುತ್ತದೆ, ಅಷ್ಟೆ. ಹಾಳಾಗಿರುವುದು ದಡದ ಹಿಂದಿನ ಭತ್ತದ ಗದ್ದೆ.

ಬಾಲಿಯಲ್ಲಿ ಗದ್ದೆಯವರ ನೀರಿನ ಸಂಘಕ್ಕೆ ಸುಬಕ್ ಅನ್ನುತ್ತಾರೆ. ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ಕಾಲುವೆಯಲ್ಲಿ ನೀರು ಇಳಿಯುತ್ತದೆ. ಯಾರು ಯಾವಾಗ ನೀರು ಕಟ್ಟಬೇಕು, ಯಾವಾಗ ನಾಟಿ, ಎಲ್ಲವೂ ದೇವಸ್ಥಾನದ ಪೂಜೆಯ ಜೊತೆಗೇ ತೀರ್ಮಾನ ಆಗುತ್ತದೆ. 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಯಲ್ಲಿರುವುದು ಒಳನಾಡಿನ ಜತಿಲುವಿಯಂಥ ಕಡೆಯ ಗದ್ದೆಗಳು. ಚಾಂಗುವಿನ ಗದ್ದೆಗೆ ಆ ಭಾಗ್ಯ ಇಲ್ಲ.

ಈಗ ಮಧ್ಯದ ಗದ್ದೆಯವನೊಬ್ಬ ಜಾಗ ಕೊಟ್ಟ ಅಂದುಕೊಳ್ಳಿ. ವಿದೇಶಿಯರು ಅಲ್ಲಿ ಜಮೀನನ್ನು ಸ್ವಂತಕ್ಕೆ ಕೊಳ್ಳುವಂತಿಲ್ಲ. ಹಾಗಾಗಿ 25, 30 ವರ್ಷಕ್ಕೆ ಲೀಸ್. ವಿಲ್ಲಾ ಎದ್ದಿತು, ಈಜುಕೊಳ ಬಂತು, ಕಾಂಪೌಂಡ್ ಬಂತು. ಕಾಲುವೆ ಅಲ್ಲಿಗೇ ನಿಂತಿತು. ಕೆಳಗಿನವನಿಗೆ ನೀರಿಲ್ಲ. ಅವನು ಮಾರಾಟಕ್ಕೆ ಆಸೆಪಟ್ಟವನಲ್ಲ, ಪಾಪ. ಒಣಗಿದ ಗದ್ದೆ ಇಟ್ಟುಕೊಂಡು ಏನು ಮಾಡಬೇಕು? ಅವನೂ ಲೀಸಿಗೆ ಕೊಡುತ್ತಾನೆ. ನಿಮ್ಮೂರಿನ ಸಭೆಗಳಲ್ಲಿ ದುರಾಸೆ ಅನ್ನೋ ಮಾತು ಬಂದಾಗ ಈ ಕೆಳಗಿನ ಗದ್ದೆಯವನನ್ನು ನೆನಪಿಸಿಕೊಳ್ಳಿ.

ರಸ್ತೆಯ ಕಥೆಯೂ ಅದೇ. ಪಕ್ಕದ ಬೆರಾವಾದಿಂದ ಬಾತು ಬೊಲೊಂಗ್ ಕಡೆಗೆ ಗದ್ದೆ ನಡುವೆ ಒಂದು ಕಿರಿದಾದ ಒಳದಾರಿ ಇದೆ. ಮಾಡಿದ್ದು ರೈತರ ಓಡಾಟಕ್ಕೆ. ಈಗ ಪಕ್ಕಕ್ಕೆ ಹಲಗೆ ಸಿಕ್ಕಿಸಿಕೊಂಡ ಸ್ಕೂಟರ್, ಎದುರಿಗೆ ಕಾರು. ಚಕ್ರ ಜಾರಿ ಗದ್ದೆಗೆ ಬಿದ್ದ ಗಾಡಿಗಳ ಫೋಟೊಗಳೇ ಒಂದು ಕಾಲಕ್ಷೇಪ ಆಗಿಬಿಟ್ಟಿವೆ. ಸುಮಾರು 44 ಲಕ್ಷ ಜನರಿರುವ ದ್ವೀಪಕ್ಕೆ 2024ರಲ್ಲಿ 63 ಲಕ್ಷ ವಿದೇಶಿಯರು ಬಂದರು. ಮೊದಲು ಕಡಲ ದಂಡೆಯ ಕುಟಾ ಊರು ತುಂಬಿತು, ಆಮೇಲೆ ಸೆಮಿನ್ಯಾಕ್, ಆಮೇಲೆ ಚಾಂಗು. ಈಗ ಪಕ್ಕದ ಪೆರೆರೆನಾನ್ ಸರದಿ. 2024ರ ಫೆಬ್ರವರಿಯಿಂದ ಪ್ರತಿ ವಿದೇಶಿಯಿಂದ ಒಂದೂವರೆ ಲಕ್ಷ ರುಪಿಯಾ (ಇಂಡೊನೇಷ್ಯಾದ ಹಣ) ಶುಲ್ಕ ತೆಗೆದುಕೊಳ್ಳುತ್ತಾರೆ. ಮೊತ್ತ ಕೇಳಿ ಹೆದರಬೇಡಿ, ನಮ್ಮ ಸಾವಿರ ರೂಪಾಯಿಯೂ ಆಗಲ್ಲ. ಅಷ್ಟಕ್ಕೆ ಯಾರೂ ಪ್ರವಾಸ ಬಿಡುವುದಿಲ್ಲ ಅಲ್ವಾ?

ಸಸಿಹಿತ್ಲುವಿನಲ್ಲಿ ಜಾಗ ಇನ್ನೂ ಕಮ್ಮಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿ. ಕಡಲ್ಕೊರೆತ ನಿಮಗೆ ನಾವು ಹೇಳಿಕೊಡಬೇಕಾದ್ದಲ್ಲ. ಸರ್ಫಿಂಗ್ ಬೆಳೆಯಲಿ, ನಮ್ಮ ಅಡ್ಡಿ ಇಲ್ಲ. ಅಲೆ ಏರೋಕೆ ಬೇಕಾದ್ದು ಹಲಗೆ ಮತ್ತು ಹೇಳಿಕೊಡುವವರು. ರೆಸಾರ್ಟ್ ಅಲ್ಲ. ಯಾರಾದರೂ ನಕ್ಷೆ ಹಿಡಿದು ಬಂದರೆ ಮೊದಲು ಎರಡೇ ಪ್ರಶ್ನೆ ಕೇಳಿ: ಮಳೆ ನೀರು ಹೋಗುವ ತೋಡು ಇದರಲ್ಲಿ ಎಲ್ಲಿದೆ, ಶೌಚದ ನೀರು ಎಲ್ಲಿಗೆ ಹೋಗುತ್ತದೆ?

ಇನ್ನು ಮಗಳ ವಿಷಯ. ಮನೆ ಪಕ್ಕದಲ್ಲೇ ಸರ್ಫಿಂಗ್ ಶಾಲೆ ಇದ್ದರೂ ಮಕ್ಕಳಿಗೆ ದೂರದ ಕಡಲೇ ಇಷ್ಟ, ಇರಲಿ ಬಿಡಿ. ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಲಿ. ಆಗ ಗಾಳಿ ದಡದಿಂದ ಕಡಲ ಕಡೆಗೆ ಬೀಸುತ್ತದೆ, ಅಲೆ ಅಚ್ಚುಕಟ್ಟಾಗಿ ಏಳುತ್ತದೆ. ಕಲಿಯುವವರಿಗೆ ಬಾತು ಬೊಲೊಂಗ್ ಸಾಕು, ಅಲೆ ಜೋರಿರುವ ಎಕೋ ಬೀಚ್ ಕಡೆ ಆಮೇಲೆ ನೋಡಿಕೊಳ್ಳಲಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಡುವಣ ಗಾಳಿಗೆ ಪ್ಲಾಸ್ಟಿಕ್ ಕಸ ರಾಶಿರಾಶಿ ದಡಕ್ಕೆ ಬಂದು ಬೀಳುತ್ತದೆ.

ಮಾರ್ಚ್‌ನಲ್ಲಿ ಟಿಕೆಟ್ ಮಾಡಿಸುವುದಾದರೆ ನ್ಯೆಪಿ ಯಾವತ್ತು ಅಂತ ನೋಡಿಕೊಳ್ಳಿ. ಅದು ಅವರ ಶಕ ವರ್ಷದ ಹೊಸ ವರ್ಷ. 2023ರಲ್ಲಿ ನಮ್ಮ ಯುಗಾದಿಯ ದಿನವೇ ಬಂದಿತ್ತು, ಮಾರ್ಚ್ 22ಕ್ಕೆ. ಅವತ್ತು ಇಡೀ ದ್ವೀಪ ಮನೆಯೊಳಗೆ. ಪ್ರವಾಸಿಗರೂ ಹೋಟೆಲ್ ಬಿಟ್ಟು ಬೀಚಿಗೆ ಕಾಲಿಡುವಂತಿಲ್ಲ. ವಿಮಾನ ನಿಲ್ದಾಣವನ್ನೂ 24 ಗಂಟೆ ಮುಚ್ಚುತ್ತಾರೆ.

– ಸಂಪಾದಕ