ಹಳೇ ಲೇತ್ ಕೊಳ್ಳುವ ಮುಂಚೆ: ಬಣ್ಣ ಬಿಡಿ, ಚಕ್ ಹತ್ತಿರದ ಬೆಡ್ ನೋಡಿ

ಕಲಬುರಗಿಯ ಕಪನೂರದಲ್ಲಿ ಸಣ್ಣ ವರ್ಕ್‌ಶಾಪ್ ಹಾಕುತ್ತಿದ್ದೀರಿ. ಬೇಳೆ ಮಿಲ್ಲಿನ ಶಾಫ್ಟ್, ಟ್ರ್ಯಾಕ್ಟರ್ ಪಿನ್ನು, ಬುಶ್ಶು ನಿಮ್ಮ ಮುಖ್ಯ ಕೆಲಸ. ಹೈದರಾಬಾದಿನ ವ್ಯಾಪಾರಿಯೊಬ್ಬರು 6 ಅಡಿಯ ಆಲ್ ಗೇರ್ ಲೇತ್ (ಗೇರಿನಿಂದಲೇ ವೇಗ ಬದಲಿಸುವಂಥದ್ದು) ತೋರಿಸಿ 'ಕಂಡೀಷನ್ ಒಂದನೇ ನಂಬರ್' ಅಂದಿದ್ದಾರೆ, ಹೋದಾಗ ಏನೇನು ನೋಡಬೇಕು ಅಂತ ಕೇಳಿದ್ದೀರಿ. ಲೇತಿನಲ್ಲಿ ಕೆಟ್ಟರೆ ರೊಕ್ಕ ನುಂಗುವುದು ಎರಡೇ, ಬೆಡ್ (ಉಳಿದ ಭಾಗಗಳು ಕೂರುವ ಉದ್ದನೆಯ ತಳ) ಮತ್ತು ಸ್ಪಿಂಡಲ್ (ಜಾಬ್, ಅಂದರೆ ಕೆತ್ತುವ ತುಂಡು, ಹಿಡಿಯುವ ಚಕ್ಕನ್ನು ತಿರುಗಿಸುವ ಶಾಫ್ಟು). ಉಳಿದ ದೋಷಗಳು ಚೌಕಾಸಿಗೆ ಉಪಯೋಗಕ್ಕೆ ಬರುತ್ತವೆ, ಅಷ್ಟೆ. ಹೊಸ ಬಣ್ಣ ಕಂಡರೆ ಖುಷಿಪಡಬೇಡಿ. ಬೆಡ್ಡಿನ ಕಾಲು, ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಪೆಟ್ಟಿಗೆ) ಕೂರುವ ಜಾಗ, ಬಲತುದಿಯಲ್ಲಿ ಜಾಬಿಗೆ ಆಸರೆ ಕೊಡುವ ಟೇಲ್‌ಸ್ಟಾಕಿನ ತಳ, ಇಲ್ಲೆಲ್ಲ ಟಾರ್ಚ್ ಹಾಕಿ ಬಿರುಕು, ವೆಲ್ಡಿಂಗ್ ಗುರುತು ಹುಡುಕಿ. ಬಿರುಕಿಗೆ ವೆಲ್ಡ್ ಹಾಕಿದ ಬೀಡು ಕಬ್ಬಿಣದ ಬೆಡ್ ಎಷ್ಟು ಅಗ್ಗ ಇದ್ದರೂ ಬೇಡ.

ಹೋಗುವಾಗ 0.01 ಮಿ.ಮೀ. ಡಯಲ್ ಗೇಜ್, ಅದರ ಮ್ಯಾಗ್ನೆಟ್ ಸ್ಟ್ಯಾಂಡ್, 25–50 ಮಿ.ಮೀ. ಮೈಕ್ರೋಮೀಟರ್, ಒಂದು ಗಟ್ಟಿ ಕಟ್ಟಿಗೆ ತುಂಡು, ಸೀಮೆಎಣ್ಣೆ ಬಟ್ಟೆ, 45 ಮಿ.ಮೀ. ದಪ್ಪದ ಒಂದಡಿ ಎಂ.ಎಸ್. (ಮೆದು ಉಕ್ಕಿನ) ರಾಡು, ಚೆನ್ನಾಗಿ ಸಾಣೆ ಹಿಡಿದ ಟೂಲು ಇರಲಿ. ಮೊದಲೇ ಫೋನ್ ಮಾಡಿ, 'ಕರೆಂಟ್ ಮ್ಯಾಲೆ ಓಡಿಸಿ ತೋರಿಸಬೇಕ್ರಿ, ಆದ್ರ ನಾ ಬರೋತನಕ ಚಾಲೂ ಮಾಡಬ್ಯಾಡ್ರಿ' ಅಂತ ಹೇಳಿಡಿ. ಯಾಕೆ ಅಂತ ಸ್ಪಿಂಡಲ್ ಮಾತು ಬಂದಾಗ ಹೇಳ್ತೀನಿ.

ಸಾಮಾನ್ಯವಾಗಿ ಲೇತಿನಲ್ಲಿ ಗಿಡ್ಡ ಜಾಬ್‌ಗಳೇ ಹೆಚ್ಚಾದ್ದರಿಂದ ಬೆಡ್ ಸವೆಯುವುದು ಚಕ್ಕಿನ ಹತ್ತಿರದ ಒಂದೆರಡು ಅಡಿಯಲ್ಲಿ. ಅಲ್ಲಿ ಬಟ್ಟೆಯಿಂದ ಒರೆಸಿ, ವಿ ಆಕಾರದ ಗೈಡಿನ ಮೇಲೆ ಅಡ್ಡಡ್ಡ ಉಗುರು ಎಳೆಯಿರಿ. ಸ್ಯಾಡಲ್ (ಟೂಲು ಹೊತ್ತು ಬೆಡ್ ಮೇಲೆ ಜಾರುವ ಭಾಗ) ಓಡಾಡಿದ ಜಾಗಕ್ಕೂ ಓಡಾಡದ ಅಂಚಿಗೂ ನಡುವೆ ಮೆಟ್ಟಿಲು ಸಿಕ್ಕರೆ ಸವೆತ ದೊಡ್ಡದೇ. ಆಮೇಲೆ ಸ್ಯಾಡಲ್ಲನ್ನು ಚಕ್ ಹತ್ತಿರ ತಂದು, ಲಾಕ್ ಬೋಲ್ಟನ್ನು ಸ್ವಲ್ಪ ಎಳೆತ ಹತ್ತುವಷ್ಟು ಮಾತ್ರ ಬಿಗಿ ಮಾಡಿ, ಹ್ಯಾಂಡ್‌ವೀಲ್ ತಿರುಗಿಸುತ್ತ ಟೇಲ್‌ಸ್ಟಾಕ್ ಕಡೆ ಒಯ್ಯಿರಿ. ಕೊನೆತನಕ ಅದೇ ಎಳೆತ ಇದ್ದರೆ ಬೆಡ್ ಒಳ್ಳೆಯದು. ಸ್ವಲ್ಪ ಬಿಗಿಯಾದರೆ ಹಳೇ ಮಷೀನಿಗೆ ಸಹಜ. ನಡುವೆ ಸಿಕ್ಕಿಕೊಂಡು ನಿಂತರೆ, ಚಕ್ ಹತ್ತಿರ ಬೆಡ್ ತಗ್ಗಾಗಿದೆ ಅಂತಲೇ ಅರ್ಥ. ಗ್ಯಾಪ್ ಬೆಡ್ (ಚಕ್ ಹತ್ತಿರದ ತುಂಡನ್ನು ಬಿಚ್ಚಲು ಬರುವಂಥದ್ದು) ಆಗಿದ್ದರೆ ಆ ತುಂಡಿನ ಕೂಡುಜಾಗದಲ್ಲೂ ಉಗುರು ತಡೆಯಬಾರದು. ಒಮ್ಮೆ ಬಿಚ್ಚಿ ಕಸದ ಮೇಲೆ ಕೂರಿಸಿದ ಗ್ಯಾಪ್ ತುಂಡು ಆಮೇಲೆ ಸರಿಯಾಗಿ ಕೂರುವುದು ಅಪರೂಪ.

ತಗ್ಗು ಎಷ್ಟಿದೆ ಅನ್ನುವುದಕ್ಕಿಂತ ಅದು ಜಾಬ್ ಮೇಲೆ ಏನು ಮಾಡುತ್ತದೆ ಅನ್ನುವುದು ಮುಖ್ಯ. ಟೂಲು ನೇರ 0.1 ಮಿ.ಮೀ. ಕೆಳಗಿಳಿದರೆ 50 ಮಿ.ಮೀ. ಶಾಫ್ಟಿನ ವ್ಯಾಸದಲ್ಲಿ ಒಂದು ಮೈಕ್ರಾನ್ ವ್ಯತ್ಯಾಸವೂ ಆಗುವುದಿಲ್ಲ. ಆದರೆ ಮುಂದಿನ ವಿ ಹಿಂದಿನದಕ್ಕಿಂತ ಹೆಚ್ಚು ಸವೆದಿದ್ದರೆ ಸ್ಯಾಡಲ್ ನಿಮ್ಮ ಕಡೆ ವಾಲುತ್ತದೆ, ಟೂಲು ಜಾಬಿನಿಂದ ದೂರ ಸರಿಯುತ್ತದೆ. ಹಾಗೆ 0.05 ಸರಿದರೆ ವ್ಯಾಸ 0.1 ದಪ್ಪ ಬರುತ್ತದೆ. ಬೇರಿಂಗ್ ಕೂರುವ ಜಾಗಕ್ಕೆ ಅದು ನಡೆಯುವುದಿಲ್ಲ. ಬೆಡ್ ಗ್ರೈಂಡಿಂಗ್ ಅಂದರೆ ಇಡೀ ಮಷೀನ್ ಬಿಚ್ಚಿ ಲಾರಿಗೆ ಹೇರುವ ಕೆಲಸ, ಆ ಖರ್ಚನ್ನು ದರದಲ್ಲಿ ಮೊದಲೇ ಕಳೆದು ನೋಡಿ.

ಈಗ ಸ್ಪಿಂಡಲ್. ಮಷೀನ್ ತಣ್ಣಗಿರುವಾಗ ಗೇರ್ ನ್ಯೂಟ್ರಲ್ ಮಾಡಿ ಚಕ್ಕನ್ನು ಕೈಯಿಂದ ನಿಧಾನ ತಿರುಗಿಸಿ. ಕಟಕಟ ಅಂದರೆ ಬೇರಿಂಗಿನಲ್ಲಿ ಗುಳಿ ಬಿದ್ದಿದೆ. ಡಯಲ್ಲನ್ನು ಚಕ್ ಮೇಲಲ್ಲ, ಸ್ಪಿಂಡಲ್ ಮೂತಿಯ ಮೇಲೇ ಇಟ್ಟು, ಚಕ್ ಕೆಳಗೆ ಕಟ್ಟಿಗೆ ಕೊಟ್ಟು ಮೇಲೆ ಮೀಟಿ. ಮುಳ್ಳು 0.02 ಒಳಗೆ ಓಡಿ ವಾಪಸ್ ಬಂದರೆ ಚಿಂತೆಯಿಲ್ಲ. 0.05 ಓಡಿದರೆ ಬೇರಿಂಗ್ ಹೊಂದಾಣಿಕೆ ಇಲ್ಲವೇ ಬದಲಾವಣೆ ಖಾತ್ರಿ. ಕೆಲವರು ಈ ಪ್ಲೇ (ಸಡಿಲ) ಮುಚ್ಚಲು ಹಿಂದಿನ ನಟ್ಟನ್ನು ಅತಿಯಾಗಿ ಬಿಗಿದಿಡುತ್ತಾರೆ. ಆಗ ತಣ್ಣಗಿದ್ದಾಗ ಪ್ಲೇ ಸಿಗುವುದೇ ಇಲ್ಲ, ಓಡಿಸಿದರೆ ಬೇರಿಂಗ್ ಸುಡುತ್ತದೆ. ಅದಕ್ಕೇ ತಣ್ಣಗಿನ ಮಷೀನ್ ಬೇಕು ಅಂದದ್ದು. ಕೆಳಗಿನ ವೇಗದಿಂದ ಶುರು ಮಾಡಿ, ಮೇಲಿನ ವೇಗದಲ್ಲಿ ಅರ್ಧ ಗಂಟೆ ಬಿಡಿ. ಮುಂದಿನ ಬೇರಿಂಗ್ ಹೌಸಿಂಗ್ ಮೇಲೆ ಅಂಗೈ ಇಟ್ಟುಕೊಳ್ಳಲು ಆಗದಿದ್ದರೆ ಸೌದಾ ಅಲ್ಲಿಗೇ ನಿಲ್ಲಿಸಿ. ಪ್ರತಿ ಗೇರೂ ಹಾಕಿ ಕೇಳಿ. ಒಂದೇ ಲಯದಲ್ಲಿ ಟಕ್ ಟಕ್ ಅಂದರೆ ಹಲ್ಲು ಮುರಿದಿದೆ. ಸದ್ದು ಅನುಮಾನ ಬರುವಷ್ಟು ಕಡಿಮೆ ಇದ್ದರೆ ಆಯಿಲ್ ಬೆರಳಲ್ಲಿ ಉಜ್ಜಿ ನೋಡಿ. ಜೇನಿನಂತೆ ದಪ್ಪ ಗೇರ್ ಆಯಿಲ್ ಸುರಿದು ಸದ್ದು ಅಡಗಿಸುವುದು ಹಳೇ ಆಟ.

ನಿಮ್ಮ ರಾಡನ್ನು ಚಕ್ಕಿನಿಂದ 150 ಮಿ.ಮೀ. ಹೊರಗೆ ಬಿಟ್ಟು, ಟೇಲ್‌ಸ್ಟಾಕಿನ ಸೆಂಟರ್ ಆಸರೆ ಕೊಡದೆ, ಆಟೋ ಫೀಡಿನಲ್ಲಿ 0.1 ಮಿ.ಮೀ. ಹಗುರ ಕಟ್ ಎರಡು ಸಲ ತೆಗೆಸಿ ಎರಡೂ ತುದಿ ಅಳೆಯಿರಿ. ವ್ಯತ್ಯಾಸ 0.02–0.03 ಇದ್ದರೆ ನಿಮ್ಮ ಕೆಲಸಕ್ಕೆ ಸಾಕು. ಹೆಚ್ಚು ಬಂದರೆ ಕೂಡಲೇ ಮಷೀನನ್ನು ಬೈಯಬೇಡಿ. ಗೋದಾಮಿನ ನೆಲದಲ್ಲಿ ಲೆವೆಲ್ ಇಲ್ಲದೆ ನಿಂತ ಬೆಡ್ ತಿರುಚಿಕೊಂಡು ಇದೇ ಟೇಪರ್ ಕೊಡುತ್ತದೆ. ಬೆಡ್ ಪರೀಕ್ಷೆಯಲ್ಲೂ ಸ್ಯಾಡಲ್ ಸಿಕ್ಕಿಕೊಂಡಿದ್ದರೆ ಮಾತ್ರ ಸವೆತ ಅನ್ನಿ. ಜಾಬಿನ ಮೈಮೇಲೆ ಅಲೆಅಲೆಯಾಗಿ ಚಾಟರ್ ಬಿದ್ದರೆ ಟೂಲ್ ಪೋಸ್ಟ್, ಗಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿ ಮತ್ತೊಮ್ಮೆ ತೆಗೆಸಿ. ಆಗಲೂ ಹೋಗದಿದ್ದರೆ ಸ್ಪಿಂಡಲ್ ಬೇರಿಂಗೇ.

ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹ್ಯಾಂಡಲ್‌ನ ಸತ್ತ ಸುತ್ತು (ಸ್ಲೈಡ್ ಅಲುಗದೆ ಹ್ಯಾಂಡಲ್ ಮಾತ್ರ ತಿರುಗುವುದು) 0.3 ಮಿ.ಮೀ. ತನಕ ನಡೆಯುತ್ತದೆ. ನಡುವೆ ಹೆಚ್ಚು, ತುದಿಯಲ್ಲಿ ಕಡಿಮೆ ಬಂದರೆ ನಟ್ ಅಷ್ಟೇ ಅಲ್ಲ, ಸ್ಕ್ರೂ ಕೂಡ ಸವೆದಿದೆ. ಗನ್‌ಮೆಟಲ್ ನಟ್ಟನ್ನು ನಿಮ್ಮದೇ ಲೇತಿನಲ್ಲಿ ಮಾಡಿಕೊಳ್ಳಬಹುದು, ತಲೆ ಕೆಡಿಸಿಕೊಳ್ಳಬೇಡಿ. ಥ್ರೆಡ್ ಕೆತ್ತುವಾಗ ಸ್ಯಾಡಲ್ ಓಡಿಸುವ ಲೀಡ್ ಸ್ಕ್ರೂ ಹಲ್ಲನ್ನು ಚಕ್ ಹತ್ತಿರ ಮತ್ತು ಬಲತುದಿಯಲ್ಲಿ ಹೋಲಿಸಿ, ಚೂಪಾಗಿದ್ದರೆ ಥ್ರೆಡ್ ಪಿಚ್ ತಪ್ಪುತ್ತದೆ. ಅದು ಇಂಚಿನದಾಗಿದ್ದರೆ 127 ಹಲ್ಲಿನ ಗೇರ್ ಇದೆಯೇ ಕೇಳಿ, ಇಲ್ಲದಿದ್ದರೆ ಮಿ.ಮೀ. ಥ್ರೆಡ್ ಸರಿಯಾಗಿ ಬರುವುದಿಲ್ಲ. ಚೇಂಜ್ ಗೇರ್ ಸೆಟ್, ನಾಲ್ಕು ದವಡೆ ಚಕ್, ಸ್ಟೆಡಿ (ಉದ್ದ ಜಾಬಿಗೆ ನಡುವೆ ಕೊಡುವ ಆಸರೆ) ಎಲ್ಲ ದರದಲ್ಲೇ ಸೇರಿರಲಿ. 'ಆಮ್ಯಾಲೆ ಕಳಿಸ್ತೀನಿ' ಅಂದ ಸ್ಟೆಡಿ ಬರುವುದಿಲ್ಲ. ನಿಮ್ಮ ಉದ್ದ ಶಾಫ್ಟುಗಳಿಗೆ ಅದಿಲ್ಲದೆ ಆಗುವುದೂ ಇಲ್ಲ.

ಎಚ್‌ಎಂಟಿ ಕಂಪನಿಯ ಲೇತ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ, ಆದರೆ ಅದರ ಲೇತ್‌ಗಳು ಇನ್ನೂ ಗಟ್ಟಿ, ಬೆಡ್ ಚೆನ್ನಾಗಿದ್ದರೆ ಬಿಡಬೇಡಿ.

3 ಎಚ್.ಪಿ. ಮೋಟಾರ್ ಪೂರ್ಣ ಲೋಡಿನಲ್ಲಿ ಸುಮಾರು 4.5–5 ಆಂಪಿಯರ್ ಎಳೆಯುತ್ತದೆ. ಕ್ಲ್ಯಾಂಪ್ ಮೀಟರ್‌ನಲ್ಲಿ ಮೂರೂ ಫೇಸ್ ಹೆಚ್ಚುಕಡಿಮೆ ಒಂದೇ ಇರಬೇಕು. ಜೆಸ್ಕಾಂನಿಂದ ತ್ರೀ ಫೇಸ್ ಮಂಜೂರಾಗುವ ಮುಂಚೆ ಲೇತ್ ತಂದು ಮೂಲೆಯಲ್ಲಿ ನಿಲ್ಲಿಸಬೇಡಿ, ಎಣ್ಣೆ ಕಾಣದ ಬೆಡ್ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ. ಹೈಡ್ರಾ ಕ್ರೇನಿನಿಂದ ಎತ್ತುವಾಗ ಬೆಲ್ಟಿನ ಭಾರ ಲೀಡ್ ಸ್ಕ್ರೂ, ಫೀಡ್ ರಾಡಿನ ಮೇಲೆ ಬೀಳದಂತೆ ಕಟ್ಟಿಗೆ ಕೊಡಿಸಿ. ಇನ್ನು ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಮೇಲೆ ಬರೀ ನಾಲ್ಕಿಂಚು ಕಾಂಕ್ರೀಟ್ ಹಾಕಿ ಕೂರಿಸಿದರೆ ಬೆಡ್ ಅದರ ಜೊತೆಗೇ ತಿರುಚುತ್ತದೆ. ಎರೆ ತೆಗೆಸಿ ಮೊರಂ ತುಂಬಿ ಬಡಿಸಿ ಅದರ ಮೇಲೆ ಫೌಂಡೇಶನ್ ಹಾಕಿಸಿ. 0.02 ಮಿ.ಮೀ./ಮೀಟರ್ ಲೆವೆಲ್‌ನಿಂದ ಬೆಡ್ಡಿನ ಎರಡೂ ತುದಿಯಲ್ಲಿ ಅಡ್ಡಕ್ಕೆ ಕೂರಿಸಿ, ಮೊದಲ ವರ್ಷ ಮಳೆಗಾಲ ಮುಗಿದ ಮೇಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಮತ್ತೆ ನೋಡಿ.