ಮೂಕಿ ಚಿತ್ರಗಳ ಕಾಲದಲ್ಲಿ ನಟನೆ, ಬರವಣಿಗೆ ಎರಡನ್ನೂ ಮಾಡಿದ ಹೆಂಗಸರು ಇದ್ದರಾ?

ಇದ್ದರು, ಅದೂ ಮುಂಚೂಣಿಯಲ್ಲೇ. ನನಗೆ ಮೊದಲು ನೆನಪಾಗುವ ಹೆಸರು ಅಮೆರಿಕದ ಜೀನ್ ಗಾಂಟಿಯರ್. ನಾಟಕದ ನಟಿಯಾಗಿದ್ದ ಇವರಿಗೆ 1906ರಲ್ಲಿ ಸಿಕ್ಕ ಮೊದಲ ಸಿನಿಮಾ ಕೆಲಸವೇ ನದಿಗೆ ಬೀಳುವುದು. ಈಜು ಬರುತ್ತಿರಲಿಲ್ಲ, ಆದರೂ ಒಪ್ಪಿಕೊಂಡರು! ಆಮೇಲೆ ನ್ಯೂಯಾರ್ಕಿನ ಕೇಲಂ ಕಂಪನಿ ಸೇರಿ, ನಾಯಕಿಯಾಗಿ ನಟಿಸುತ್ತಲೇ ಕಥೆಗಳನ್ನೂ ಬರೆದರು.

1907ರಲ್ಲಿ 'ಬೆನ್ ಹರ್' ಕಾದಂಬರಿಯನ್ನು ಒಂದೇ ರೀಲಿಗೆ, ಅಂದರೆ ಸುಮಾರು ಕಾಲು ಗಂಟೆಯ ಚಿತ್ರಕ್ಕೆ ಇಳಿಸಿದವರು ಇವರೇ. ಆಗೆಲ್ಲ ಹಕ್ಕು ಕೇಳುವ ಪದ್ಧತಿ ಇರಲಿಲ್ಲ, ಸುಮ್ನೆ ಪುಸ್ತಕ ಎತ್ತಿಕೊಂಡು ಚಿತ್ರ ಮಾಡಿಬಿಡುತ್ತಿದ್ದರು. ಪ್ರಕಾಶಕರು ಕೋರ್ಟಿಗೆ ಹೋದರು, 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೇಲಂ ವಿರುದ್ಧ ತೀರ್ಪು ಕೊಟ್ಟಿತು, ಅಲ್ಲಿಂದ ಮುಂದೆ ಕಾದಂಬರಿಯ ಹಕ್ಕು ಕೊಳ್ಳದೆ ಸಿನಿಮಾ ಮಾಡುವ ಹಾಗಿಲ್ಲ ಎಂದಾಯಿತು.

ನನಗೆ ಜಾಸ್ತಿ ಇಷ್ಟವಾಗುವುದು 1912ರ 'ಫ್ರಮ್ ದ ಮ್ಯಾಂಜರ್ ಟು ದ ಕ್ರಾಸ್' ಕೆಲಸ. ಈಜಿಪ್ಟ್, ಪ್ಯಾಲೆಸ್ಟೈನಿಗೇ ಹೋಗಿ ತೆಗೆದ ಯೇಸುವಿನ ಕಥೆ ಅದು. ಬರೆದವರೂ ಇವರೇ, ಯೇಸುವಿನ ತಾಯಿ ಮೇರಿಯಾಗಿ ನಟಿಸಿದವರೂ ಇವರೇ. ಆಮೇಲೆ ಕೇಲಂ ಬಿಟ್ಟು ತಮ್ಮ ಹೆಸರಿನದೇ ಕಂಪನಿ ಕಟ್ಟಿದರು. 1920ರ ಹೊತ್ತಿಗೆ ಸಿನಿಮಾದಿಂದ ದೂರವಾಗಿದ್ದರು. 1928ರಲ್ಲಿ ಪತ್ರಿಕೆಯೊಂದರಲ್ಲಿ ಅವರು ಬರೆದ ನೆನಪುಗಳಿಂದಲೇ ಆ ದಿನಗಳ ಎಷ್ಟೋ ವಿವರ ನಮಗೆ ಸಿಕ್ಕಿದೆ.