ನಾಯಿಯ ದಾಹಕ್ಕೆ ಬಿಸಿಲೊಂದೇ ಕಾರಣವೇ?

ಪ್ರಶ್ನೆ: ನಮ್ಮ 7 ವರ್ಷದ ಹೆಣ್ಣು ಲ್ಯಾಬ್ರಡಾರ್ 30 ಕಿಲೋ ತೂಗುತ್ತಿತ್ತು. ಒಂದು ತಿಂಗಳಿಂದ ವಿಪರೀತ ನೀರು ಕುಡಿಯುತ್ತಿದೆ. ಚೆನ್ನಾಗಿ ಉಂಡರೂ ಬಡಕಲಾಗುತ್ತಿದೆ. ಅದು ಅಂಗಳದಲ್ಲಿ ಮೂತ್ರ ಮಾಡಿದ ಕಡೆ ಇರುವೆಗಳು ಮುತ್ತುತ್ತವೆ. ಇದು ಬೇಸಿಗೆಯ ಪರಿಣಾಮವೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ನಮ್ಮ ಕಡೆಯ ಬಿಸಿಲಿಗೆ ನಾಯಿ ಹೆಚ್ಚು ನೀರು ಕುಡಿಯುವುದು ಸಹಜವೇ. ಆದರೆ ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಲೀಟರ್, ಅಂದರೆ ನಿಮ್ಮ ನಾಯಿಗೆ ಸುಮಾರು 3 ಲೀಟರ್ ಮೀರಿದರೆ ಅನುಮಾನಿಸಲೇಬೇಕು. ನೀವು ಗಮನಿಸಿದ ಇರುವೆಗಳೇ ಅರ್ಧ ಉತ್ತರ ಹೇಳಿವೆ: ಮೂತ್ರದಲ್ಲಿ ಸಕ್ಕರೆ ಹೋಗುತ್ತಿರಬಹುದು. ರಕ್ತ ಮತ್ತು ಮೂತ್ರ ಪರೀಕ್ಷೆಯನ್ನು ಈ ವಾರವೇ ಮಾಡಿಸಿರಿ. ಕುಷಿಂಗ್ ಕಾಯಿಲೆ (ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ತೊಂದರೆ), ಮೂತ್ರಪಿಂಡದ ತೊಂದರೆ ಮತ್ತು ಗರ್ಭಕೋಶದ ಕೀವಿನಲ್ಲಿಯೂ ದಾಹ ಹೆಚ್ಚುತ್ತದೆ.

ಸಕ್ಕರೆ ಕಾಯಿಲೆಯೆಂದು ಖಚಿತವಾದರೆ, ಮನುಷ್ಯರ ಮಾತ್ರೆಗಳು ನಾಯಿಗೆ ಸಾಲುವುದಿಲ್ಲವಾದ್ದರಿಂದ, ಸಾಮಾನ್ಯವಾಗಿ ದಿನಕ್ಕೆರಡು ಬಾರಿ ಊಟದ ಹೊತ್ತಿಗೆ ಇನ್ಸುಲಿನ್ ಚುಚ್ಚಬೇಕಾಗುತ್ತದೆ. ಔಷಧದಂಗಡಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಇರುವ ಇನ್ಸುಲಿನ್ನಿಗೆಂದು ಎರಡು ಬಗೆಯ ಸಿರಿಂಜುಗಳು ಸಿಗುತ್ತವೆ. ಬಾಟಲಿಯ ಮೇಲೆ ಬರೆದ ಸಂಖ್ಯೆಗೆ ಹೊಂದದ ಸಿರಿಂಜು ಬಳಸಿದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ, ಆದರೆ ಫ್ರೀಜರಿನಲ್ಲಿ ಬೇಡ.

ಹೆಣ್ಣು ನಾಯಿಗಳಲ್ಲಿ ಬೆದೆಯ ನಂತರ ಏರುವ ಪ್ರೊಜೆಸ್ಟಿರಾನ್ ಎಂಬ ಹಾರ್ಮೋನು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುವುದರಿಂದ, ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ವೈದ್ಯರನ್ನು ಕೇಳಿರಿ. ಬೆಲ್ಲ, ಹೋಳಿಗೆಯ ಪ್ರೀತಿಯನ್ನು ಇಂದೇ ನಿಲ್ಲಿಸಿರಿ. ಚಿಕಿತ್ಸೆ ಶುರುವಾದ ಮೇಲೆ ನಾಯಿ ತೂರಾಡಿದರೆ ಅಥವಾ ನಡುಗಿದರೆ ಮಾತ್ರ, ರಕ್ತದ ಸಕ್ಕರೆ ತೀರಾ ಇಳಿದಿರಬಹುದಾದ್ದರಿಂದ, ಒಸಡಿಗೆ ಜೇನುತುಪ್ಪ ಸವರಿ ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.